ಹೊಸ ಲಿನಕ್ಸ್ ಬಂದ ಕೂಡಲೇ ಕೋಡಿ ಏಕೆ ಓಡುವುದಿಲ್ಲ?

ಮೂಲೆಗಿಟ್ಟ ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿ, ಟಿವಿಗೆ ಜೋಡಿಸಿ, ಕೋಡಿ ಎಂಬ ಉಚಿತ ತಂತ್ರಾಂಶದಲ್ಲಿ ಸಿನಿಮಾ, ಹಾಡು, ಮನೆಯ ಮದುವೆ ವಿಡಿಯೊ ನೋಡುವವರಿದ್ದಾರೆ. ಲಿನಕ್ಸ್‌ನ ಹೊಸ ಆವೃತ್ತಿ ಬಂದಾಗ ಇಂಥವರ ಕಿವಿಗೆ ಎರಡು ಮಾತು ಬೀಳುತ್ತವೆ. "ಇವತ್ತೇ ಅಪ್‌ಗ್ರೇಡ್ ಮಾಡಿ, ಇಲ್ಲದಿದ್ದರೆ ಅಪಾಯ" ಎಂಬುದು ಒಂದು. "ಕೋಡಿ ಕಥೆ ಮುಗಿಯಿತು, ಈ ಲಿಂಕ್‌ನಿಂದ ಬೇರೆಯದು ಹಾಕಿಕೊಳ್ಳಿ" ಎಂಬುದು ಇನ್ನೊಂದು. ಎರಡನ್ನೂ ನಂಬಬೇಕಿಲ್ಲ.

ತಡ ಏಕೆ ಆಗುತ್ತದೆ?

ಯಲಹಂಕ–ಚಿಕ್ಕಬಳ್ಳಾಪುರ ರೈಲು ಮಾರ್ಗ ಹಿಂದೆ ನ್ಯಾರೋ ಗೇಜ್ ಆಗಿತ್ತು. ಅದು ಬ್ರಾಡ್ ಗೇಜ್ ಆದ ಮೇಲೆ ಹಳೆಯ ಬೋಗಿ ಗಟ್ಟಿಯಾಗಿದ್ದರೂ ಹೊಸ ಹಳಿಯ ಮೇಲೆ ಓಡಲಾರದು, ಏಕೆಂದರೆ ಗಾಲಿಗಳ ಅಂತರವೇ ಬೇರೆ. ಕೋಡಿಯ ವಿಷಯವೂ ಹೀಗೆಯೇ. ವಿಡಿಯೊ ಬಿಡಿಸಲು ಅದಕ್ಕೆ ಎಫ್‌ಎಫ್‌ಎಂಪೆಗ್ ಬೇಕು, ಆ್ಯಡ್‌ಆನ್ ನಡೆಸಲು ಪೈಥಾನ್ ಬೇಕು. ಉಬುಂಟು 22.04ರಲ್ಲಿ ಇದ್ದದ್ದು ಪೈಥಾನ್ 3.10, 24.04ರಲ್ಲಿ 3.12. ಎಫ್‌ಎಫ್‌ಎಂಪೆಗ್ ಕೂಡ 4.4ರಿಂದ 6.1ಕ್ಕೆ ಜಿಗಿಯಿತು. ಅಂದರೆ ತಂತ್ರಾಂಶವನ್ನು ಹೊಸ ಹಳಿಗೆ ತಕ್ಕಂತೆ ಮತ್ತೆ ಕಟ್ಟಿ, ಪರೀಕ್ಷಿಸಬೇಕು. ಕೋಡಿಯಲ್ಲಿ ಈ ಕೆಲಸ ಮಾಡುವವರು ಸ್ವಯಂಸೇವಕರು.

ಕೆಲವೊಮ್ಮೆ ಕಾಯಿಸುವುದು ಲಿನಕ್ಸೇ. ಕೋಡಿ 21 ಬಂದದ್ದು 2024ರ ಏಪ್ರಿಲ್ ಆರಂಭದಲ್ಲಿ, ಉಬುಂಟು 24.04 ಬಂದದ್ದು ಏಪ್ರಿಲ್ 25ಕ್ಕೆ. ಆದರೂ ಉಬುಂಟು ಜೊತೆ ಸಿಕ್ಕಿದ್ದು ಕೋಡಿ 20. ಹೊಸತನ್ನು ಸೇರಿಸುವ ಬಾಗಿಲನ್ನು ಉಬುಂಟು ಫೆಬ್ರವರಿ ಕೊನೆಗೇ ಮುಚ್ಚಿತ್ತು.

ಕಾದರೆ ಅಪಾಯವೇ?

ಈಗಿರುವ ಆವೃತ್ತಿಗೆ ಭದ್ರತಾ ಅಪ್‌ಡೇಟ್ ಬರುತ್ತಿರುವವರೆಗೆ ಅವಸರವಿಲ್ಲ. ಉಬುಂಟು 22.04ಕ್ಕೆ 2027ರವರೆಗೆ ಬೆಂಬಲವಿದೆ. 20.04ರ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಲ್ಲೇ ಮುಗಿದಿದೆ, ಅದರಲ್ಲಿರುವವರು ಮಾತ್ರ ತಡಮಾಡಬಾರದು. ಉಬುಂಟು ಕೂಡ 22.04 ಬಳಕೆದಾರರಿಗೆ ಮೊದಲ ದಿನವೇ 24.04 ಕೊಡಲಿಲ್ಲ. ತಪ್ಪುಗಳನ್ನು ತಿದ್ದಿದ 24.04.1 ಬರುವವರೆಗೆ, ಅಂದರೆ ಆಗಸ್ಟ್ ಕೊನೆಯವರೆಗೆ, ಕಾಯಿಸಿತು.

ರಾಸ್ಪ್‌ಬೆರಿ ಪೈ ಕೂಡ ಇದನ್ನು ಕಂಡಿದೆ. 2021ರ ನವೆಂಬರ್‌ನಲ್ಲಿ ಅದರ ಹೊಸ ಬುಲ್ಸ್‌ಐ ಆವೃತ್ತಿ ಬಂತು. ಕ್ಯಾಮೆರಾ ನಡೆಸುವ ವ್ಯವಸ್ಥೆಯೇ ಬದಲಾದ್ದರಿಂದ ಹಳೆಯದಕ್ಕೆ ಬರೆದ ಪ್ರೋಗ್ರಾಂಗಳು ನಡೆಯಲಿಲ್ಲ. ಮುಂದಿನ ತಿಂಗಳೇ ಸಂಸ್ಥೆ ಹಳೆಯ ಆವೃತ್ತಿಯನ್ನು 'ಲೆಗಸಿ' ಹೆಸರಿನಲ್ಲಿ ಮತ್ತೆ ಒದಗಿಸಿತು.

ನಿಜವಾದ ಅಪಾಯ ಎಲ್ಲಿದೆ?

"ಈ ಸಾಲನ್ನು ಟರ್ಮಿನಲ್‌ನಲ್ಲಿ ಅಂಟಿಸಿ, ಪಾಸ್‌ವರ್ಡ್ ಕೊಡಿ" ಎಂಬ ಸಲಹೆಯಲ್ಲಿ. ಆ ಪಾಸ್‌ವರ್ಡ್ ಕೊಟ್ಟರೆ ಅಪರಿಚಿತರ ಪ್ರೋಗ್ರಾಂ ಕೈಗೆ ಇಡೀ ಕಂಪ್ಯೂಟರ್‌ನ ಬೀಗದ ಕೈ ಸಿಕ್ಕಂತೆ. ಅದೇ ಯಂತ್ರದಲ್ಲಿ ಬ್ಯಾಂಕ್ ಕೆಲಸವನ್ನೂ ಮಾಡುವ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ.

ಏನು ಮಾಡಬೇಕು?

• ಅಪ್‌ಗ್ರೇಡ್ ಮುನ್ನ ನಿಮ್ಮ ವಿಡಿಯೊ, ಫೋಟೊ ಮತ್ತು ಕೋಡಿಯ ಸೆಟ್ಟಿಂಗ್ ಬೇರೆ ಡಿಸ್ಕ್‌ಗೆ ನಕಲು ಮಾಡಿ.
• ಉಬುಂಟು ಅಪ್‌ಗ್ರೇಡ್ ಹೊರಗಿನ ಭಂಡಾರಗಳನ್ನು ತಾನೇ ನಿಲ್ಲಿಸುತ್ತದೆ. ಆಮೇಲೆ ಕೋಡಿ ಅಪ್‌ಡೇಟ್ ಆಗದಿದ್ದರೆ ಗಾಬರಿ ಬೇಡ, ಮೊದಲು ಅದನ್ನು ನೋಡಿ.
• ಕಾಯಲು ಆಗದಿದ್ದರೆ ಫ್ಲ್ಯಾಟ್‌ಹಬ್‌ನಲ್ಲಿರುವ ಕೋಡಿ ಬಳಸಿ. ಅದು ತನಗೆ ಬೇಕಾದ ಹಳಿಯನ್ನು ಬಹುಮಟ್ಟಿಗೆ ತಾನೇ ಹೊತ್ತು ತರುತ್ತದೆ.

"ಕೋಡಿ ನಿಂತುಹೋಯಿತು" ಎಂಬ ಸಂದೇಶ ಬಂದರೆ, ಮುಂದೆ ಕಳಿಸುವ ಮೊದಲು ಕೋಡಿಯ ಅಧಿಕೃತ ಜಾಲತಾಣವನ್ನು ಒಮ್ಮೆ ನೋಡಿ. ತಡವಾಗುವುದೇ ಬೇರೆ, ನಿಂತುಹೋಗುವುದೇ ಬೇರೆ.