ನುಂಗಲಾರದ ತುತ್ತಿಗೆ ತಕ್ಕ ಹೆಸರು

ರಾಗಿಮುದ್ದೆಯನ್ನು ಅಗಿಯದೆ ನುಂಗುವ ನಾಡು ನಮ್ಮದು. ಬೆಂಗಳೂರಿನ ಪೂರ್ವದ ಅಂಚಿನಲ್ಲಿರುವ ಮಹದೇವಪುರದಲ್ಲಿ ಈಗ ಕಾರ್ಖಾನೆಗಳೂ ಕಂಪ್ಯೂಟರ್ ಕಚೇರಿಗಳೂ ತುಂಬಿದ್ದರೂ ಹಳೆಯ ಮನೆಗಳಲ್ಲಿ ಮುದ್ದೆಯ ಊಟ ತಪ್ಪಿಲ್ಲ. ಅಂಥ ಮನೆಯ ಹಿರಿಯರು ತುತ್ತು ಎದೆಯಲ್ಲಿಯೇ ನಿಂತಂತಾಗುವುದೆಂದರೆ ‘ಗ್ಯಾಸ್’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಕಚೇರಿಯ ತರುಣನು ಅದನ್ನೇ ಹೇಳಿದರೆ ‘ಅಸಿಡಿಟಿ’. ಔಷಧದ ಅಂಗಡಿಯಿಂದ ಮಾತ್ರೆ ಬಂದೊಡನೆ ವಿಚಾರ ಮುಗಿಯುತ್ತದೆ. ಅದು ಅಲ್ಲಿಗೆ ಮುಗಿಯಬಾರದೆಂಬುದೇ ನಮ್ಮ ವಾದ.

ಅನ್ನನಾಳವು ಸುಮಾರು 25 ಸೆಂಟಿಮೀಟರ್ ಉದ್ದದ ಸ್ನಾಯುಗಳ ಕೊಳವೆ. ತುತ್ತು ಅದರಲ್ಲಿ ಬರಿಯ ತನ್ನ ಭಾರದಿಂದ ಇಳಿಯುವುದಿಲ್ಲ. ಮೇಲಿನಿಂದ ಕೆಳಕ್ಕೆ ಸಾಗುವ ಸಂಕೋಚನದ ಅಲೆಯೊಂದು ಅದನ್ನು ತಳ್ಳುತ್ತದೆ. ಅದೇ ವೇಳೆಗೆ ಜಠರದ ಬಾಗಿಲಿನಂತಿರುವ ಸ್ನಾಯು ಸಡಿಲಗೊಳ್ಳಬೇಕು. ಅಲೆ ಕೆಟ್ಟರೂ ಬಾಗಿಲು ತೆರೆಯದಿದ್ದರೂ ರೋಗಿಯ ದೂರು ಒಂದೇ: ‘ನುಂಗಿದ್ದು ಇಳಿಯುವುದಿಲ್ಲ.’ ದೂರು ಒಂದಾದ ಮಾತ್ರಕ್ಕೆ ರೋಗವೂ ಒಂದೇ ಆಗಬೇಕಿಲ್ಲ.

ಬಾಗಿಲು ತೆರೆಯದ ರೋಗವನ್ನು 1674ರಲ್ಲಿಯೇ ಥಾಮಸ್ ವಿಲ್ಲಿಸ್ ಎಂಬ ಆಂಗ್ಲ ವೈದ್ಯನು ವರ್ಣಿಸಿದನು. ತುದಿಗೆ ಸ್ಪಂಜು ಕಟ್ಟಿದ ಕಡ್ಡಿಯಿಂದ ಆಹಾರವನ್ನು ಕೆಳಕ್ಕೆ ನೂಕುವ ಉಪಾಯವನ್ನು ಅವನು ತನ್ನ ರೋಗಿಗೆ ಕಲಿಸಿದನು. ಅದರ ಈಗಿನ ಹೆಸರು ಅಕಲೇಸಿಯ, ಸಡಿಲಗೊಳ್ಳದಿರುವುದೆಂದು ಅರ್ಥ. ಇಂದು ಒತ್ತಡವನ್ನು ಅಳೆಯುವ ತೆಳುವಾದ ನಳಿಗೆಯನ್ನು ಮೂಗಿನ ಮೂಲಕ ಇಳಿಸಿ, ರೋಗಿಗೆ 5 ಮಿಲಿಲೀಟರಿನಂತೆ ಹಲವು ಗುಟುಕು ನೀರು ಕೊಡುತ್ತಾರೆ. ಪ್ರತಿ ಗುಟುಕಿನ ಒತ್ತಡವೂ ಬಣ್ಣದ ಭೂಪಟದಂತೆ ತೆರೆಯ ಮೇಲೆ ಮೂಡುತ್ತದೆ. ಅದನ್ನು ಓದುವ ಕ್ರಮವೇ ‘ಷಿಕಾಗೋ ವರ್ಗೀಕರಣ’. ಅದರ ನಾಲ್ಕನೆಯ ಆವೃತ್ತಿ 2021ರಲ್ಲಿ ಪ್ರಕಟವಾಯಿತು.

ಈ ಕ್ರಮದಲ್ಲಿ ಮೊದಲ ಪ್ರಶ್ನೆ, ಬಾಗಿಲು ತೆರೆಯಿತೇ ಎಂಬುದು. ಎರಡನೆಯದು, ಅಲೆ ಸರಿಯಾಗಿ ಸಾಗಿತೇ ಎಂಬುದು. ಅಕಲೇಸಿಯದಲ್ಲಿಯೇ ಮೂರು ಬಗೆಗಳುಂಟು. ಮೊದಲನೆಯದರಲ್ಲಿ ನಾಳ ನಿಶ್ಚಲವಾಗಿರುತ್ತದೆ. ಎರಡನೆಯದರಲ್ಲಿ ಇಡೀ ನಾಳದ ಒತ್ತಡ ಒಮ್ಮೆಲೇ ಏರುತ್ತದೆ. ಮೂರನೆಯದರಲ್ಲಿ ಕೆಳಭಾಗವು ಅಕಾಲದಲ್ಲಿ ಸೆಟೆದುಕೊಳ್ಳುತ್ತದೆ. ಎರಡನೆಯ ಬಗೆಯವರಿಗೆ ಬಲೂನಿನಿಂದ ಬಾಗಿಲನ್ನು ಹಿಗ್ಗಿಸುವುದು ಬಹಳ ಮಟ್ಟಿಗೆ ಫಲಕಾರಿ. ಮೂರನೆಯ ಬಗೆಯವರಿಗೆ ಸ್ನಾಯುವನ್ನು ಇನ್ನೂ ಉದ್ದವಾಗಿ ಸೀಳಬೇಕಾಗುವುದುಂಟು. ಜಪಾನಿನ ಹರುಹಿರೊ ಇನೌಎ ಅವರು 2008ರಲ್ಲಿ ಆರಂಭಿಸಿದ, ಬಾಯಿಯ ಮೂಲಕವೇ ನಡೆಸುವ ಶಸ್ತ್ರಕ್ರಿಯೆಯಿಂದ ಇದು ಸುಲಭವಾಯಿತು.

ಹೆಸರಿನ ಮೇಲೆ ಹೆಸರು ಕಟ್ಟುವುದು ಪಂಡಿತರ ಗೀಳೆಂದು ಕೆಲವರು ಆಕ್ಷೇಪಿಸಬಹುದು. ನಾವು ಒಪ್ಪುವುದಿಲ್ಲ. ಹೊಸ ಆವೃತ್ತಿಯು ಹೆಸರು ಕೊಡುವ ಆತುರವನ್ನೂ ತಡೆಯುತ್ತದೆ. ಅಲೆ ನೆಟ್ಟಗಿದ್ದು ಬಾಗಿಲಿನಲ್ಲಿ ಮಾತ್ರ ತಡೆ ಕಂಡರೆ, ಆ ಚಿತ್ರವೊಂದೇ ಸಾಲದು. ರೋಗಿಗೆ ತಕ್ಕ ತೊಂದರೆಯಿರಬೇಕು, ಬೇರಿಯಂ ಎಕ್ಸ್-ರೇಯಂಥ ಬೇರೊಂದು ಪರೀಕ್ಷೆಯೂ ಅದನ್ನು ಸಮರ್ಥಿಸಬೇಕೆಂದು ಅದು ವಿಧಿಸುತ್ತದೆ. ಅನಾವಶ್ಯಕವಾದ ಶಸ್ತ್ರಕ್ರಿಯೆಯಿಂದ ರೋಗಿಯನ್ನು ಕಾಪಾಡುವ ನಿಯಮವಿದು.

ಆದರೆ ಯಂತ್ರಕ್ಕಿಂತ ಮೊದಲು ಮಾತು ನಡೆಯಬೇಕು. ಗಟ್ಟಿ ಆಹಾರವೂ ನೀರೂ ಆರಂಭದಿಂದಲೇ ತಡೆದರೆ ಸ್ನಾಯುಗಳ ಚಲನೆಯ ದೋಷವನ್ನು ಶಂಕಿಸಬೇಕು. ಮೊದಲು ಗಟ್ಟಿ ಆಹಾರ ತಡೆದು, ಬರಬರುತ್ತಾ ಮೆದು ಆಹಾರವೂ ತಡೆದರೆ ನಾಳ ಕಿರಿದಾಗಿರಬಹುದು. ಕ್ಯಾನ್ಸರಿನ ಭಯವೂ ಉಂಟು. ಆದುದರಿಂದಲೇ ಒತ್ತಡದ ಪರೀಕ್ಷೆಗೆ ಮುಂಚೆ ಎಂಡೋಸ್ಕೋಪಿ ನಡೆಯಬೇಕು.

ರೋಗಿಯಾದರೋ ತನಗರಿಯದೆಯೇ ಹೊಂದಿಕೊಳ್ಳುತ್ತಾನೆ. ಮುದ್ದೆ ಬಿಟ್ಟು ಅಂಬಲಿಗೆ ಬರುತ್ತಾನೆ. ತುತ್ತಿಗೊಂದು ಗುಟುಕು ನೀರು ಕುಡಿಯುತ್ತಾನೆ. ಮನೆಯವರು ‘ಊಟ ಸೇರುತ್ತಿದೆ’ ಎಂದು ನೆಮ್ಮದಿಯಿಂದಿರುತ್ತಾರೆ. ಸಸ್ಯಗಳ ವರ್ಗೀಕರಣವನ್ನು ಬೇಸರದಿಂದ ಕಂಠಪಾಠ ಮಾಡುವ ನಮ್ಮ ವಿದ್ಯಾರ್ಥಿಗಳು ಮನೆಯ ಊಟದ ಪಂಕ್ತಿಯಲ್ಲಿ ಈ ಬದಲಾವಣೆಯನ್ನು ಗಮನಿಸಲಿ. ಕಂಡೊಡನೆ, ಮತ್ತೊಂದು ಮಾತ್ರೆಗೆ ಎಡೆಗೊಡದೆ, ಹಿರಿಯರನ್ನು ವೈದ್ಯರಲ್ಲಿಗೆ ಕರೆದೊಯ್ಯಲಿ.