ಉಳಿದ ಮಾತ್ರೆಯೂ ನಮ್ಮ ಹೊಟ್ಟೆಯೂ

ಮಳೆ ಹಿಡಿಯಿತೆಂದರೆ ತರಗತಿಯಲ್ಲಿ ಅರ್ಧ ಮಕ್ಕಳಿಗೆ ಶೀತ, ಕೆಮ್ಮು. ಮದ್ದು ಮಾಡಿದ್ದೀರಾ ಎಂದರೆ, "ಅಣ್ಣನಿಗೆ ತಂದದ್ದು ಉಳಿದಿತ್ತು, ಅಮ್ಮ ಅದನ್ನೇ ಕೊಟ್ಟರು" ಎಂಬ ಉತ್ತರ. ಹೆತ್ತವರನ್ನು ಕೇಳಿದರೆ, "ಎರಡು ಮಾತ್ರೆಯಿಂದ ಏನಾಗ್ತದೆ ಮಾಷ್ಟ್ರೇ?" ಎನ್ನುತ್ತಾರೆ. ಏನಾಗುತ್ತದೆ ಎಂದು ಹೇಳಲಿಕ್ಕೇ ಈ ಬರಹ.

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇವೆ. "ದೇಹಕ್ಕೆ ಮದ್ದು ಒಗ್ಗಿಹೋಗುತ್ತದೆ" ಎಂದು ನಾವೂ ಬಹಳ ವರ್ಷ ಪಾಠ ಮಾಡಿದ್ದೇವೆ. ಅದು ಸುಳ್ಳು. ಒಗ್ಗುವುದು ದೇಹವಲ್ಲ, ಬ್ಯಾಕ್ಟೀರಿಯ. ಅದೂ ತಾಯಿಕೋಶದಿಂದ ಮರಿಕೋಶಕ್ಕೆ ಮಾತ್ರ ದಾಟುವ ಗುಣವಲ್ಲ, ನೆರೆಮನೆಗೂ ದಾಟುತ್ತದೆ.

ಎರಡು ಬ್ಯಾಕ್ಟೀರಿಯಗಳು ಒಂದಕ್ಕೊಂದು ಅಂಟಿಕೊಂಡು ವಂಶವಾಹಿಗಳನ್ನು ಕೊಡುತ್ತವೆ ಎಂದು 1946ರಲ್ಲೇ ಲೆಡರ್‌ಬರ್ಗ್ ಮತ್ತು ಟೇಟಮ್ ತೋರಿಸಿದ್ದರು. ಜಪಾನಿನಲ್ಲಿ 1950ರ ದಶಕದಲ್ಲಿ ನಾಲ್ಕು ಬಗೆಯ ಮದ್ದಿಗೂ ಬಗ್ಗದ ರಕ್ತಭೇದಿ ಕಾಣಿಸಿಕೊಂಡಿತು. ಒಂದೊಂದಾಗಿ ನಾಲ್ಕು ಬದಲಾವಣೆ ಇಷ್ಟು ಬೇಗ ಆದೀತೇ? ಆಗಿರಲಿಲ್ಲ. ಕರುಳಿನ ಸಾಧಾರಣ ಈ. ಕೋಲಿಯಿಂದ ಭೇದಿಯ ಶಿಗೆಲ್ಲಾಕ್ಕೆ ನಾಲ್ಕೂ ಗುಣಗಳು ಒಂದೇ ಗಂಟಿನಲ್ಲಿ ದಾಟಬಲ್ಲವೆಂದು 1959ರಲ್ಲಿ ಓಚಿಯಾಯ್ ಮತ್ತು ಅಕಿಬಾ ಬಳಗಗಳು ಕಂಡುಕೊಂಡವು. ಆ ಗಂಟೇ ಪ್ಲಾಸ್ಮಿಡ್, ಅಂದರೆ ಬಳೆಯಂಥ ಡಿಎನ್ಎ ತುಣುಕು.

ಈಗ ಆ ಎರಡು ಮಾತ್ರೆಗೆ ಬನ್ನಿ. ಶೀತ ಹೆಚ್ಚಾಗಿ ವೈರಸ್ಸಿನದ್ದು, ಆಂಟಿಬಯಾಟಿಕ್ ಅದನ್ನು ಮುಟ್ಟುವುದೂ ಇಲ್ಲ. ಆದರೆ ಕರುಳನ್ನು ಮುಟ್ಟುತ್ತದೆ. ಅಲ್ಲಿನ ಸಾಧು ಬ್ಯಾಕ್ಟೀರಿಯಗಳು ಸಾಯುತ್ತವೆ, ಗಂಟು ಇರುವವು ಉಳಿದು ಜಾಗ ಹಿಡಿಯುತ್ತವೆ. ಅವು ಇಂದು ತೊಂದರೆ ಕೊಡಲಿಕ್ಕಿಲ್ಲ. ನಾಳೆ ಕೆಟ್ಟ ನೀರಿನೊಂದಿಗೆ ರೋಗದ ಬ್ಯಾಕ್ಟೀರಿಯ ಒಳಗೆ ಬಂದಾಗ ಗಂಟು ಅದರ ಕೈಗೆ ಹೋಗಬಹುದು. ಆ ದಿನ ನಿಜವಾಗಿ ಬೇಕಾದ ಮದ್ದು ಕೆಲಸ ಮಾಡುವುದಿಲ್ಲ. ಮಲದೊಂದಿಗೆ ಹೊರಬಿದ್ದದ್ದು ತೋಡಿಗೆ, ಬಾವಿಗೆ, ಮಾತ್ರೆಯನ್ನೇ ನುಂಗದ ಮಗುವಿನ ಹೊಟ್ಟೆಗೂ ಸೇರಬಹುದು.

ಇದು ಬರೀ ಹೆದರಿಕೆಯ ಮಾತಲ್ಲ. ಕೊನೆಯ ಅಸ್ತ್ರಗಳೆನಿಸಿದ ಮದ್ದುಗಳನ್ನೂ ಸೋಲಿಸುವ ಎನ್‌ಡಿಎಂ-1 ಎಂಬ ವಂಶವಾಹಿ, ದೆಹಲಿಯ 50 ಕುಡಿಯುವ ನೀರಿನ ಮಾದರಿಗಳಲ್ಲಿ ಎರಡರಲ್ಲಿ, ಹೊರಗೆ ನಿಂತ ನೀರಿನ 171ರಲ್ಲಿ 51ರಲ್ಲಿ ಸಿಕ್ಕಿತೆಂದು 2011ರಲ್ಲಿ ಪ್ರಕಟವಾಯಿತು. ಅದಕ್ಕೆ ನಮ್ಮ ರಾಜಧಾನಿಯ ಹೆಸರಿಟ್ಟರೆಂದು ದೇಶವೆಲ್ಲ ಸಿಟ್ಟಾಯಿತು. ಹೆಸರಿಗೆ ಬಂದ ಸಿಟ್ಟಿನ ಅರ್ಧವಾದರೂ ನೀರಿನ ಮೇಲೆ ಬರಬೇಡವೇ?

"ಡಾಕ್ಟರ ಬಳಿ ಹೋದರೆ ಒಂದು ದಿನದ ಸಂಬಳ ಹೋಗ್ತದೆ" ಎಂಬ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಅದು ನಿಜ. ತಪ್ಪೆಲ್ಲ ಬಡವರದ್ದೂ ಅಲ್ಲ. ಕೋಳಿ, ದನಗಳ ಮೇವಿಗೆ ಕೊಲಿಸ್ಟಿನ್ ಬೆರೆಸುವುದನ್ನು ಸರಕಾರ ನಿಷೇಧಿಸಿದ್ದು 2019ರಲ್ಲಿ. ಕೇಳಿದ ತಕ್ಷಣ ಚೀಟಿಯಿಲ್ಲದೆ ಮದ್ದು ಕೊಡುವ ಅಂಗಡಿಯೂ, ಒತ್ತಾಯಕ್ಕೆ ಬರೆದುಕೊಡುವ ವೈದ್ಯರೂ ಪಾಲುದಾರರೇ. ಕೇರಳವು 2018ರಲ್ಲಿ ಕ್ರಿಯಾಯೋಜನೆ ಹಾಕಿಕೊಂಡಿತು, 2024ರಲ್ಲಿ ಅಂಗಡಿಗಳ ಮೇಲೆ ತಪಾಸಣೆಯನ್ನೂ ಶುರುಮಾಡಿತು. ಒಳ್ಳೆಯ ಕೆಲಸ. ಆದರೆ ಮನೆಯ ಡಬ್ಬಿಯನ್ನು ತಪಾಸಣೆ ಮಾಡಲಿಕ್ಕೆ ಯಾವ ಅಧಿಕಾರಿಯೂ ಬರುವುದಿಲ್ಲ.

ನಮ್ಮ ಕೈಗೆ ಬಂದ ತಿಳುವಳಿಕೆಯ ಹಾಳೆ ಮಲಯಾಳದಲ್ಲಿತ್ತು, ಮದ್ದಿನ ಪಟ್ಟಿಯ ಮೇಲಿನದ್ದು ಇಂಗ್ಲಿಷು. ಕನ್ನಡದಲ್ಲಿ ಬರಲಿ ಎಂದು ಕೇಳೋಣ, ಬರುವವರೆಗೆ ಹೇಳುವ ಕೆಲಸ ನಮ್ಮದು. ಪಟ್ಟಿಯ ಮೇಲಿನ ಕೆಂಪು ಗೆರೆಗೆ ಭಾಷೆಯ ಹಂಗಿಲ್ಲ. ಆ ಗೆರೆ ಕಂಡರೆ ಚೀಟಿಯಿಲ್ಲದೆ ಕೊಳ್ಳಬೇಡಿ, ಉಳಿದದ್ದನ್ನು ಮತ್ತೊಬ್ಬರಿಗೆ ಕೊಡಬೇಡಿ. ಡಾಕ್ಟರನ್ನು "ಇದು ಬೇಕೇ ಬೇಕಾ?" ಎಂದು ಕೇಳಿ. ಬೇಕೆಂದರೆ ಹೇಳಿದಷ್ಟು ದಿನ, ಹೇಳಿದ ಹಾಗೆ ತೆಗೆದುಕೊಳ್ಳಿ.

ಇವತ್ತು ಮನೆಗೆ ಹೋಗಿ ಆ ಡಬ್ಬಿಯನ್ನೊಮ್ಮೆ ತೆರೆದು ನೋಡಿ. ನಾವೂ ನೋಡಿದೆವು. ಐದು ಮಾತ್ರೆ ಇದ್ದವು.