ರತ್ನಾವಳಿ ಎಲ್ಲಿ ಹೋದಳು?

ನಂದಿಯ ಭೋಗನಂದೀಶ್ವರ ಗುಡಿಯನ್ನು ‘ಚೋಳರು ಕಟ್ಟಿಸಿದ್ದು’ ಎನ್ನುವವರ ಜೊತೆ ನನ್ನದು ಹಳೆಯ ಜಗಳ. ಬಾಣ ಅರಸು ವಿದ್ಯಾಧರನ ರಾಣಿ ರತ್ನಾವಳಿ ನಂದಿಯಲ್ಲಿ ಕಟ್ಟಿಸಿದ ಶಿವಾಲಯಕ್ಕೆ ದತ್ತಿ ಬಿಟ್ಟದ್ದನ್ನು ರಾಷ್ಟ್ರಕೂಟ ಮೂರನೇ ಗೋವಿಂದನ ಚಿಕ್ಕಬಳ್ಳಾಪುರ ತಾಮ್ರಪಟವೇ ಹೇಳುತ್ತದೆ. ಅದು ಕ್ರಿ.ಶ. 806ರದ್ದು. ಚೋಳರು ಈ ಸೀಮೆಗೆ ಬಂದದ್ದು ಸುಮಾರು ಇನ್ನೂರು ವರ್ಷ ಆಮೇಲೆ. ಅವರು, ಹೊಯ್ಸಳರು, ವಿಜಯನಗರದವರು ಗುಡಿಯನ್ನು ಬೆಳೆಸಿದರು, ಇಲ್ಲವೆನ್ನುವುದಿಲ್ಲ.

ರಾಣಿಯೆಂದರೆ ಅಂತಃಪುರ, ಒಡವೆ, ಸವತಿ ಮತ್ಸರ. ನಮ್ಮ ಸಿನಿಮಾಗಳು ಕಲಿಸಿದ್ದು ಇಷ್ಟೇ. ತಾಮ್ರಪಟವೂ ಅವಳನ್ನು ಇಂಥವನ ಹೆಂಡತಿಯೆಂದೇ ಗುರುತಿಸುತ್ತದೆ, ಒಪ್ಪಿದೆ. ಆದರೂ ಕಟ್ಟಿಸಿದ ಕೀರ್ತಿಯನ್ನು ಅದು ಅವಳಿಂದ ಕಿತ್ತುಕೊಳ್ಳಲಿಲ್ಲ. ಕಿತ್ತುಕೊಂಡವರು ನಾವು.

ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಿಂದ ಮಕ್ಕಳನ್ನು ಪ್ರವಾಸಕ್ಕೆ ಕರೆತರುವ ಮೇಷ್ಟ್ರೇ, ಬೆಟ್ಟ ಹತ್ತಿ ಟಿಪ್ಪು ಡ್ರಾಪ್ ತೋರಿಸುವ ಮೊದಲು ಕೆಳಗೆ ಗುಡಿಯ ಮುಂದೆ ನಿಂತು ಆ ಹೆಸರು ಹೇಳಿ.